ಕಿಟ್ ಬಿಯರ್ ಕೆಡುವುದು ಡಬ್ಬಿಯಿಂದಲ್ಲ, ಯೀಸ್ಟಿನಿಂದ

ಕಹಿ ಕೊಡುವ ಹಾಪ್ಸ್ ಹೂ ಬೆರೆತ ಮಾಲ್ಟ್ ಸಾರದ 1.7 ಕಿಲೋ ಡಬ್ಬಿ, ಅದರ ಪ್ಲಾಸ್ಟಿಕ್ ಮುಚ್ಚಳದಡಿ 7 ಗ್ರಾಂ ಆಸುಪಾಸಿನ ಯೀಸ್ಟ್ ಪೊಟ್ಟಣ, ಜೊತೆಗೊಂದು ಸೂಚನೆಯ ಚೀಟಿ. ಆಸ್ಟ್ರೇಲಿಯಾ, ಬ್ರಿಟನ್ ಕಡೆಯ ಹೋಮ್‌ಬ್ರೂ ಅಂಗಡಿಗಳ ಮಾಮೂಲಿ ಕಿಟ್ ಎಂದರೆ ಇಷ್ಟೇ. ಬಾರ್ಲಿಯನ್ನು ಮೊಳಕೆ ಬರಿಸುವುದು, ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವುದು, ಹಾಪ್ಸ್ ಸೇರಿಸಿ ಗಟ್ಟಿ ಮಾಡುವುದು, ಎಲ್ಲವೂ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ಮಾಡುವವರಿಗೆ ಉಳಿಯುವುದು ಪಾತ್ರೆಗಳ ಶುಚಿ ಮತ್ತು ಯೀಸ್ಟಿನ ಆರೈಕೆ. ಆದರೆ ಚೀಟಿಯಲ್ಲಿ ಯೀಸ್ಟಿನ ಬಗ್ಗೆ ಇರುವುದು ‘ಮೇಲೆ ಉದುರಿಸಿ ಮುಚ್ಚಿಡಿ’ ಎಂಬ ಒಂದೇ ಸಾಲು. ಕಿಟ್ ಬಿಯರಿಗೆ ಬಂದಿರುವ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಆ ಸಾಲಿನದ್ದೇ.

ಮೊದಲು ಕಾನೂನಿನ ಮಾತು. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗೆ ಬಿಯರ್ ಮಾಡಲು ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1979ರಿಂದ ಫೆಡರಲ್ ಕಾನೂನು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್‌ವರೆಗೆ ಬಿಟ್ಟಿದೆ, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ. ಹಾಗಾಗಿ ಈ ಬರಹ ಕಾನೂನು ಒಪ್ಪುವ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ.

ಈಗ ಪೊಟ್ಟಣಕ್ಕೆ ಬನ್ನಿ. ಏಲ್ ಮಾದರಿಯ (ತುಸು ಬೆಚ್ಚಗೆ ಹುದುಗುವ) ಬಿಯರಿಗೆ 100 ಲೀಟರಿಗೆ 50ರಿಂದ 80 ಗ್ರಾಂ ಒಣ ಯೀಸ್ಟ್ ಹಾಕಬೇಕೆಂಬುದು ತಯಾರಕರ ಸಾಮಾನ್ಯ ಅಳತೆ. ಒಂದು ಕಿಟ್ಟಿನಿಂದ ಆಗುವ 23 ಲೀಟರಿಗೆ ಲೆಕ್ಕ ಹಾಕಿದರೆ ಕನಿಷ್ಠ 11.5 ಗ್ರಾಂ ಬೇಕು. ಕಿಟ್ಟಿನ 7 ಗ್ರಾಂ ಸಾಲದು, ಅದೂ ತಿಂಗಳುಗಟ್ಟಲೆ ಅಂಗಡಿಯ ಬೆಚ್ಚನೆಯ ಕಪಾಟಿನಲ್ಲಿ ಕೂತು ಬಂದಿದ್ದರೆ ಕೇಳುವುದೇ ಬೇಡ. ಪ್ರತ್ಯೇಕವಾಗಿ ಸಿಗುವ 11 ಅಥವಾ 11.5 ಗ್ರಾಮಿನ ಏಲ್ ಯೀಸ್ಟ್ ಒಂದು ಪೊಟ್ಟಣ ಕೊಂಡು, ತರುವ ದಿನದಿಂದಲೇ ಫ್ರಿಜ್ಜಿನಲ್ಲಿಡಿ. ಕಿಟ್ಟಿಗೆ ಮಾಡಬಹುದಾದ ಅತ್ಯಂತ ಅಗ್ಗದ ಸುಧಾರಣೆ ಇದು. ಡಬ್ಬಿಯ ಮೇಲೆ ‘ಲಾಗರ್’ ಎಂದಿದ್ದರೂ ಚೀಟಿ 20 ಡಿಗ್ರಿ ದಾಟಿದ ತಾಪಮಾನ ಹೇಳುತ್ತಿದ್ದರೆ ಒಳಗಿರುವುದು ಬಹುಪಾಲು ಏಲ್ ಯೀಸ್ಟೇ. ನಿಜವಾದ ಲಾಗರ್ ಯೀಸ್ಟಿಗೆ 10ರಿಂದ 14 ಡಿಗ್ರಿ ತಂಪು ಬೇಕು, ಅಳತೆಯೂ ಹೆಚ್ಚುಕಡಿಮೆ ದುಪ್ಪಟ್ಟು.

ಒಣ ಯೀಸ್ಟನ್ನು ನೇರವಾಗಿ ಉದುರಿಸಿದರೂ ನಡೆಯುತ್ತದೆ ಎಂದು ಈಗ ಹಲವು ತಯಾರಕರು ಹೇಳುತ್ತಾರೆ. ನಡೆಯುತ್ತದೆ ನಿಜ, ಪೊಟ್ಟಣ ಹೊಸದಾಗಿದ್ದು ಅಳತೆಯೂ ಸಾಕಷ್ಟಿದ್ದರೆ. ಒಣಗಿದ ಕೋಶದ ಪೊರೆ ನೀರು ಕುಡಿದು ಸರಿಹೋಗುವ ಮೊದಲ ಕೆಲವು ನಿಮಿಷ ಒಳಗೆ ಏನು ಬರಬೇಕು, ಏನು ಬರಬಾರದು ಎಂದು ತಡೆಯಲಾರದು. ಆ ಹೊತ್ತಿನಲ್ಲಿ ಸುತ್ತ ಗಟ್ಟಿ ಸಕ್ಕರೆ ದ್ರಾವಣವಿದ್ದರೆ ಒಂದಷ್ಟು ಕೋಶ ಸಾಯುತ್ತವೆ. ಆದ್ದರಿಂದ ಪೊಟ್ಟಣ ಹಳೆಯದಾದಾಗ, ಬಿಯರ್ ಗಟ್ಟಿಯದಾದಾಗ ನೆನೆಸಿಯೇ ಹಾಕಿ.

ನೆನೆಸುವ ಕ್ರಮ ಹೀಗೆ: ಯೀಸ್ಟಿನ ತೂಕದ ಹತ್ತು ಪಟ್ಟು, ಅಂದರೆ 11.5 ಗ್ರಾಮಿಗೆ ಸುಮಾರು 115 ಮಿ.ಲೀ. ನಲ್ಲಿಯ ನೀರನ್ನು ಕುದಿಸಿ, ಶುಚಿ ಮಾಡಿದ ಗಾಜಿನ ಲೋಟದಲ್ಲಿ 30ರಿಂದ 35 ಡಿಗ್ರಿಗೆ ಆರಿಸಿ. ಆರ್‌ಒ ನೀರು ಬೇಡ. ಪೊರೆ ಕೂಡಿಕೊಳ್ಳಲು ಖನಿಜಾಂಶ ಬೇಕು. ಕತ್ತರಿಗೂ ಪೊಟ್ಟಣದ ಅಂಚಿಗೂ ಸ್ಯಾನಿಟೈಜರ್ ಸಿಂಪಡಿಸಿ, ಯೀಸ್ಟನ್ನು ನೀರಿನ ಮೇಲೆಲ್ಲ ಹರಡುವಂತೆ ಉದುರಿಸಿ, 15 ನಿಮಿಷ ಮುಟ್ಟಬೇಡಿ. ಕಾಳುಗಳು ತಾವಾಗಿ ನೆನೆದು ತಳಕ್ಕಿಳಿಯುತ್ತವೆ. ಆಮೇಲೆ ಮೆಲ್ಲಗೆ ಕಲಕಿದರೆ ಗಂಟಿಲ್ಲದ ಕೆನೆಬಣ್ಣದ ದ್ರವ ಸಿಗುತ್ತದೆ. ಐದು ನಿಮಿಷ ಬಿಟ್ಟು, ಬಿಯರ್ ಹುದುಗುವ ಪಾತ್ರೆಯಾದ ಫರ್ಮೆಂಟರಿನಿಂದ ಒಂದೆರಡು ಚಮಚ ವೋರ್ಟ್, ಅಂದರೆ ಕಲಸಿಟ್ಟ ಸಿಹಿ ಮಾಲ್ಟ್ ನೀರು, ಸೇರಿಸುತ್ತಾ ತಣಿಸಿ. ಯೀಸ್ಟಿಗೂ ವೋರ್ಟಿಗೂ 10 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಅರ್ಧ ಗಂಟೆಯೊಳಗೆ ಸುರಿದುಬಿಡಿ. ಬ್ರೆಡ್ ಮಾಡಿ ಅಭ್ಯಾಸವಿರುವವರು ಲೋಟದಲ್ಲಿ ನೊರೆ ಬರಲಿಲ್ಲವೆಂದು ಗಾಬರಿಯಾಗಿ ಸಕ್ಕರೆ ಹಾಕುತ್ತಾರೆ. ಹಾಕಬೇಡಿ. ಬರೀ ನೀರಿನಲ್ಲಿ ನೊರೆ ಏಳಲೇಬೇಕೆಂದಿಲ್ಲ.

ದ್ರವ ಯೀಸ್ಟ್ ಕೊಂಡಿದ್ದರೆ ದಾರಿಯೇ ಬೇರೆ. ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಸೇರಿಸಿ, ಉಕ್ಕದಂತೆ ನೋಡಿಕೊಂಡು 10 ನಿಮಿಷ ಕುದಿಸಿ, 20 ಡಿಗ್ರಿ ಆಸುಪಾಸಿಗೆ ಆರಿಸಿ ಯೀಸ್ಟ್ ಹಾಕಿ. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, ಒಂದೆರಡು ದಿನ ಆಗಾಗ ಅಲುಗಿಸುತ್ತಿರಿ. ಒಳಗೆ ಗಾಳಿ ಸೇರಿದಷ್ಟೂ ಕೋಶಗಳು ಹೆಚ್ಚುತ್ತವೆ. ನಂತರ ಫ್ರಿಜ್ಜಿನಲ್ಲಿಟ್ಟು ಮೇಲಿನ ತಿಳಿ ಚೆಲ್ಲಿ, ತಳದ ಗಷ್ಟನ್ನು ಬಳಸಿ. ಒಣ ಯೀಸ್ಟಿಗೆ ಈ ಸ್ಟಾರ್ಟರ್ ಬೇಡ. ಅದಕ್ಕೆ ಬೇಕಾದ ಪೋಷಕಾಂಶವನ್ನು ಕಾರ್ಖಾನೆಯಲ್ಲೇ ತುಂಬಿಸಿರುತ್ತಾರೆ.

ವೋರ್ಟ್ ಕಲಸುವುದು ಸುಲಭ. ಡಬ್ಬಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟರೆ ಸಾರ ತೆಳುವಾಗುತ್ತದೆ. ಎರಡು ಮೂರು ಲೀಟರ್ ಕುದಿನೀರಿನಲ್ಲಿ ಕರಗಿಸಿ ತಣ್ಣೀರಿನಿಂದ 23 ಲೀಟರ್ ಮಾಡಿ. ಚೀಟಿ ಹೇಳುವ ಒಂದು ಕಿಲೋ ಸಕ್ಕರೆಯ ಬದಲು ಅರ್ಧ ಕಿಲೋ ಮಾಲ್ಟ್ ಪುಡಿ, ಅರ್ಧ ಕಿಲೋ ಡೆಕ್ಸ್‌ಟ್ರೋಸ್ ಹಾಕಿದರೆ ಬಿಯರ್ ನೀರುನೀರಾಗುವುದಿಲ್ಲ. ದ್ರವದಲ್ಲಿ ಕರಗಿದ ಸಕ್ಕರೆಯನ್ನು ಸಾಂದ್ರತೆಯಿಂದ ಅಳೆಯುವ ಹೈಡ್ರೋಮೀಟರ್ 1.040 ಆಸುಪಾಸು ತೋರಿಸಬೇಕು. ತೀರಾ ಕಡಿಮೆ ತೋರಿಸಿದರೆ ಸಾರ ತಳದಲ್ಲೇ ಕೂತಿದೆ ಎಂದರ್ಥ, ಚೆನ್ನಾಗಿ ಕಲಕಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೀನ್ ಇದ್ದರೆ ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಹತ್ತುತ್ತದೆ. ಅದನ್ನು ತೆಗೆಯಲು ಅರ್ಧ ಕ್ಯಾಂಪ್ಡೆನ್ ಮಾತ್ರೆ ಅಷ್ಟೂ ನೀರಿಗೆ ಸಾಕು.

ತಾಪಮಾನದ ವಿಷಯದಲ್ಲಿ ಚೀಟಿಯನ್ನು ನಂಬಬೇಡಿ. 27 ಡಿಗ್ರಿವರೆಗೂ ಆಗಬಹುದು ಎಂದು ಬರೆದಿರುತ್ತಾರೆ. ಹುದುಗುವುದೇನೋ ಬೇಗ ಹುದುಗುತ್ತದೆ, ಆದರೆ ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್ ಜೊತೆಗೆ ಬರುತ್ತದೆ. ಇಡ್ಲಿ ಹಿಟ್ಟಿಗೆ ಬೆಚ್ಚನೆಯ ಮೂಲೆ ಹುಡುಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಅದೂ ಕೋಣೆಯದ್ದಲ್ಲ, ಬಿಯರಿನದು: ಜೋರಾಗಿ ಹುದುಗುವಾಗ ಒಳಗಿನ ಬಿಸಿ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಏರುತ್ತದೆ. ಫರ್ಮೆಂಟರನ್ನು ನೀರಿನ ಟಬ್ಬಿನಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ತುಂಬಿ ಮಂಜುಗಟ್ಟಿಸಿದ ಬಾಟಲಿ ಬದಲಿಸಿದರೆ ಸಾಕು. ರುಚಿಯ ಹಣೆಬರಹ ನಿರ್ಧಾರವಾಗುವುದು ಮೊದಲ ಮೂರು ದಿನದಲ್ಲಿ. ಪರ್ತ್, ಅಡಿಲೇಡ್‌ಗಳ ಬೇಸಿಗೆಯಲ್ಲಿ ತಂಪು ಸಾಧ್ಯವೇ ಇಲ್ಲ ಎನ್ನುವವರಿಗೆ ನಾರ್ವೆಯ ರೈತರ ಮನೆಗಳಿಂದ ಬಂದ ಕ್ವೈಕ್ ಯೀಸ್ಟ್ ಇದೆ. ವೋಸ್ ಎಂಬ ತಳಿ 35 ಡಿಗ್ರಿ ದಾಟಿದರೂ ಶುದ್ಧವಾಗಿ ಹುದುಗುತ್ತದೆ.

ನಮ್ಮ ಅಡುಗೆಮನೆಗಳಿಗೇ ಸೇರಿದ ಅಪಾಯ ಒಂದಿದೆ. ದೋಸೆ ಹಿಟ್ಟನ್ನೂ ಮೊಸರನ್ನೂ ಹುಳಿ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬಿಯರನ್ನೂ ಹುಳಿ ಮಾಡಬಲ್ಲದು. ಹಾಪ್ಸಿನ ಕಹಿ ಅದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕಹಿ ಕಡಿಮೆ ಇರುವ ಕಿಟ್‌ಗಳಲ್ಲಿ ಆ ರಕ್ಷಣೆಯೂ ತೆಳು. ರುಬ್ಬುವ ದಿನ, ಹೆಪ್ಪು ಹಾಕುವ ದಿನ ಯೀಸ್ಟ್ ಬಿಚ್ಚಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಮೊದಲು ತೊಳೆಯಿರಿ, ಆಮೇಲೆ ಸ್ಯಾನಿಟೈಜ್ ಮಾಡಿ. ಕೊಳೆಯ ಮೇಲೆ ಸ್ಯಾನಿಟೈಜರ್ ಕೆಲಸ ಮಾಡದು. ಫಾಸ್ಫಾರಿಕ್ ಆಮ್ಲದ, ಬಳಿಕ ತೊಳೆಯಬೇಕಿಲ್ಲದ ಸ್ಯಾನಿಟೈಜರ್ ಲೀಟರ್ ನೀರಿಗೆ 1.5 ಮಿ.ಲೀ. ಸಾಕು, ಅದರ ನೊರೆ ಉಳಿದರೂ ತೊಂದರೆಯಿಲ್ಲ.

ಅನಿಲವನ್ನು ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ಕಾಣದಿದ್ದರೆ ಯೀಸ್ಟ್ ಸತ್ತಿತೆಂದು ತೀರ್ಮಾನಿಸಬೇಡಿ, ಮುಚ್ಚಳ ಸೋರುತ್ತಿರಬಹುದು. ಮೇಲೆ ನೊರೆಯ ಪದರ ಇದೆಯೇ, ಹೈಡ್ರೋಮೀಟರ್ ಇಳಿದಿದೆಯೇ ನೋಡಿ. ಒಂದೂವರೆ ದಿನವಾದರೂ ಎರಡೂ ಇಲ್ಲದಿದ್ದರೆ ಮಾತ್ರ ಹೊಸ ಪೊಟ್ಟಣ ಹಾಕಿ. 1.020ಕ್ಕೆ ನಿಂತುಹೋದರೆ 21–22 ಡಿಗ್ರಿಗೆ ಬೆಚ್ಚಗಾಗಿಸಿ, ಮುಚ್ಚಳ ತೆಗೆಯದೆ ಫರ್ಮೆಂಟರನ್ನು ಮೆಲ್ಲಗೆ ಅಲುಗಿಸಿ ತಳದ ಯೀಸ್ಟನ್ನು ಎಬ್ಬಿಸಿ. ಹಸಿ ಸೇಬಿನ ವಾಸನೆ, ಬೆಣ್ಣೆಯ ವಾಸನೆ ಎರಡಕ್ಕೂ ಮದ್ದು ಒಂದೇ, ಇನ್ನೂ ಕೆಲವು ದಿನ ಯೀಸ್ಟಿನ ಜೊತೆಗೇ ಬಿಡುವುದು.

ಎರಡು ದಿನದ ಅಂತರದಲ್ಲಿ ಎರಡು ಸಲ ಅಳೆದು, ಅಂಕಿ ಬದಲಾಗಿಲ್ಲ ಎಂದಾದ ಮೇಲೆಯೇ ಬಾಟಲಿಗೆ ತುಂಬಿ. 1.008ಕ್ಕೆ ಇಳಿಯಬೇಕಾದ್ದನ್ನು 1.012ರಲ್ಲೇ ತುಂಬಿಸಿದರೆ, ಗುಳ್ಳೆ ಬರಲೆಂದು ನೀವು ಬಾಟಲಿಗೆ ಹಾಕುವ ಸಕ್ಕರೆಯ ಅನಿಲದ ಜೊತೆಗೆ ಬಿಯರಿನ ಗಾತ್ರದ ಸುಮಾರು ಎರಡು ಪಟ್ಟು ಅನಿಲ ಬಾಟಲಿಯೊಳಗೆ ಹುಟ್ಟುತ್ತದೆ. ಗಾಜು ಸಿಡಿಯುವುದು ಹೀಗೆಯೇ. ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ಮೊದಲ ಸಲದವರು ಪೆಟ್ ಪ್ಲಾಸ್ಟಿಕ್ ಬಾಟಲಿ ಬಳಸಿ. ಒತ್ತಿ ನೋಡಿದರೆ ಒತ್ತಡ ಕೈಗೇ ತಿಳಿಯುತ್ತದೆ. 20 ಡಿಗ್ರಿಯಲ್ಲಿ ಎರಡು ವಾರ ಬಿಟ್ಟು ಫ್ರಿಜ್ಜಿಗೆ ಹಾಕಿ.

ತಳದಲ್ಲಿ ಉಳಿದ ಗಷ್ಟನ್ನು ಚೆಲ್ಲುವ ಮೊದಲು ಮೂಸಿ ನೋಡಿ. ಬಿಯರ್ ಚೆನ್ನಾಗಿ ಬಂದಿದ್ದು, ಗಷ್ಟಿಗೆ ಬ್ರೆಡ್ಡಿನ ವಾಸನೆ ಇದ್ದರೆ ಒಂದು ಲೋಟದಷ್ಟನ್ನು ಶುಚಿಯಾದ ಜಾಡಿಗೆ ಹಾಕಿ, ಅನಿಲ ಹೊರಬರಲು ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನಲ್ಲಿಡಿ. ಎರಡು ವಾರದೊಳಗೆ ಮುಂದಿನ ಡಬ್ಬಿ ತೆರೆದರೆ ಅದಕ್ಕೆ ಬೇಕಾದ ಯೀಸ್ಟ್ ಅಷ್ಟರಲ್ಲೇ ಇದೆ.