ಕಳ್ಳ ನೌಕೆಗೆ ಎಂಟು ಟನ್ ಐಸ್

ಬಾಹ್ಯಾಕಾಶದ ಆನ್‌ಲೈನ್ ಗೇಮ್‌ನಲ್ಲಿ ಕಳ್ಳಸಾಗಣೆಗೆ ಅಂತ ನೌಕೆ ಕಟ್ಟಲು ಕೂತರೆ ಮೊದಲು ಹೊಳೆಯುವುದು ಕಪ್ಪು ಬಣ್ಣ. ಮೈಗೆಲ್ಲ ಕಪ್ಪು ಬಳಿದು, ದೀಪ ಆರಿಸಿ, ಎಂಜಿನ್ ನಿಲ್ಲಿಸಿ, ಕತ್ತಲಲ್ಲಿ ಕತ್ತಲಾಗಿ ಜಾರಿಹೋಗಬೇಕು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆದರೆ ಭೌತವಿಜ್ಞಾನದ ಪ್ರಕಾರ ಇದು ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಕಾವಲಿನವರು ಹುಡುಕುವುದು ನೌಕೆಯ ಬಿಸಿಯನ್ನು. ಬಣ್ಣ ಬಳಿದರೆ ಬಿಸಿ ಮರೆಯಾಗುವುದಿಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಗೇಮ್ ಅಂದರೆ 2014ರಲ್ಲಿ ಬಂದ 'ಎಲೀಟ್ ಡೇಂಜರಸ್'. ಅದರಲ್ಲಿ 'ಸೈಲೆಂಟ್ ರನ್ನಿಂಗ್' ಅಂತ ಒಂದು ವ್ಯವಸ್ಥೆ ಇದೆ. ಅದನ್ನು ಒತ್ತಿದರೆ ನೌಕೆಯ ಶಾಖ ಹೊರಹೋಗುವ ಕಿಂಡಿಗಳು ಮುಚ್ಚಿಕೊಳ್ಳುತ್ತವೆ, ರಕ್ಷಣೆಯ ಶೀಲ್ಡ್ ಇಳಿಯುತ್ತದೆ. ಪೊಲೀಸರ ಸ್ಕ್ಯಾನರ್‌ಗೆ ನೌಕೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಒಳಗೆ ಬಿಸಿ ಏರುತ್ತಾ ಹೋಗುತ್ತದೆ. ಮೀಟರ್ ನೂರು ದಾಟಿದರೆ ಯಂತ್ರಗಳು ಒಂದೊಂದಾಗಿ ಹಾಳಾಗಲು ಶುರು. ಕೆಂಡವನ್ನು ಸೆರಗಲ್ಲಿ ಕಟ್ಟಿಕೊಂಡು ನಡೆದ ಹಾಗೆ, ನಿಲ್ದಾಣದ ಬಾಗಿಲು ಸೇರುವಷ್ಟರಲ್ಲಿ ಸೆರಗು ಸುಡಬಾರದು ಅಷ್ಟೇ.

ಇದು ಬರೀ ಆಟದ ನಿಯಮವಲ್ಲ. ಬಾಹ್ಯಾಕಾಶ ತಣ್ಣಗಿದೆ, ಹಾಗಾಗಿ ನೌಕೆ ತಾನಾಗಿಯೇ ತಣ್ಣಗಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ನಿರ್ವಾತ ಒಂದು ದೊಡ್ಡ ಥರ್ಮಾಸ್ ಫ್ಲಾಸ್ಕ್. ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಾಗಿ ಹೊಮ್ಮುವುದೊಂದೇ ದಾರಿ. ಸ್ಪೇಸ್ ಶಟಲ್‌ನ ಸರಕು ಕೋಣೆಯ ಬಾಗಿಲುಗಳ ಒಳಮೈಯಲ್ಲಿ ಹೀಗೆ ಶಾಖ ಹೊಮ್ಮಿಸುವ ಫಲಕಗಳು, ಅಂದರೆ ರೇಡಿಯೇಟರ್‌ಗಳಿದ್ದವು. ಕಕ್ಷೆ ಸೇರಿದ ಕೂಡಲೇ ಆ ಬಾಗಿಲು ತೆಗೆಯಲೇಬೇಕಿತ್ತು. ತೆಗೆಯಲು ಆಗದಿದ್ದರೆ ಕೆಲಸ ಅಲ್ಲಿಗೇ ಬಿಟ್ಟು ವಾಪಸ್ ಇಳಿಯಬೇಕಿತ್ತು.

ಒಂದು ಸಣ್ಣ ಲೆಕ್ಕ ಮಾಡೋಣ. ನೌಕೆಯ ಹೊರಮೈ 200 ಚದರ ಮೀಟರ್ ಇದೆ, ಅದರ ಉಷ್ಣತೆ ಕೋಣೆಯಷ್ಟೇ, ಅಂದರೆ 20 ಡಿಗ್ರಿ ಅಂತಿಟ್ಟುಕೊಳ್ಳಿ. ಅದು ಸುಮಾರು 80 ಕಿಲೋವಾಟ್ ಶಾಖ ಹೊಮ್ಮಿಸುತ್ತದೆ. ಹಿನ್ನೆಲೆಯ ಆಕಾಶವೋ ಸೊನ್ನೆ ಕೆಲ್ವಿನ್‌ಗಿಂತ, ಅಂದರೆ ಮೈನಸ್ 273 ಡಿಗ್ರಿಗಿಂತ, ಮೂರೇ ಮೂರು ಡಿಗ್ರಿ ಮೇಲಿರುತ್ತದೆ. ಕತ್ತಲ ಮೈದಾನದ ನಡುವೆ ದೀಪ ಹಿಡಿದು ನಿಂತ ಹಾಗೆ, ಅಲ್ವಾ?

ಹಾಗಿದ್ದರೆ ಹೊರಮೈಯನ್ನೇ ತಣ್ಣಗೆ ಮಾಡಿದರೆ? ಇಲ್ಲಿ 1879ರಲ್ಲಿ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ ಕಂಡುಕೊಂಡ ನಿಯಮ ಅಡ್ಡ ಬರುತ್ತದೆ. ಹೊಮ್ಮುವ ಶಾಖ ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ಉಷ್ಣತೆ ಅರ್ಧವಾದರೆ ಶಾಖ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಕೇಳಲು ಒಳ್ಳೆಯದೇ. ಆದರೆ ಒಳಗೆ ಜನರಿದ್ದಾರೆ, ಯಂತ್ರಗಳಿವೆ. ಅವುಗಳಿಂದ 10 ಕಿಲೋವಾಟ್ ಬಿಸಿ ಹುಟ್ಟುತ್ತಿದೆ ಅಂದರೆ, ಅದನ್ನು 20 ಡಿಗ್ರಿಯಲ್ಲಿ ಹೊರಹಾಕಲು 24 ಚದರ ಮೀಟರ್ ರೇಡಿಯೇಟರ್ ಸಾಕು. 100 ಕೆಲ್ವಿನ್‌ನಲ್ಲಿ ಹೊರಹಾಕಬೇಕಾದರೆ 1,700 ಚದರ ಮೀಟರ್‌ಗೂ ಜಾಸ್ತಿ ಬೇಕು. ಅಷ್ಟು ದೊಡ್ಡ ರೆಕ್ಕೆ ರೇಡಾರ್‌ಗೆ ಕಾಣದೆ ಇರುತ್ತದೆಯೇ?

ಉಳಿದ ದಾರಿ ಬಿಸಿಯನ್ನು ಒಳಗೇ ನುಂಗಿಕೊಳ್ಳುವುದು. ಅದಕ್ಕೆ ಐಸ್‌ನಷ್ಟು ಸುಲಭದ ವಸ್ತು ಇನ್ನೊಂದಿಲ್ಲ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಕರಗಿ ಮುಗಿಯುವವರೆಗೆ ಅದರ ಉಷ್ಣತೆ ಸೊನ್ನೆ ಡಿಗ್ರಿ ಬಿಟ್ಟು ಮೇಲೇರುವುದಿಲ್ಲ. ನಮ್ಮ 10 ಕಿಲೋವಾಟ್ ನೌಕೆಗೆ ಒಂದು ಟನ್ ಐಸ್ ಒಂಬತ್ತು ಗಂಟೆ ಬರುತ್ತದೆ. ಮೂರು ದಿನದ ಪಯಣಕ್ಕೆ ಎಂಟು ಟನ್. ನನಗೆ ತುಂಬಾ ಇಷ್ಟವಾಗುವ ಲೆಕ್ಕ ಇದು. ಕಾಣದೆ ಇರುವುದಕ್ಕೂ ಒಂದು ತೂಕ ಇದೆ, ಅದನ್ನು ತಕ್ಕಡಿಯಲ್ಲಿ ಇಡಬಹುದು.

ತೂಕದ ಮಾತು ಬಂದಾಗ ಕಾವಲಿನವರ ಇನ್ನೊಂದು ಕಣ್ಣು ತೆರೆಯುತ್ತದೆ. ಖಾಲಿ ನೌಕೆ 100 ಟನ್ ಅಂತ ಕಾಗದದಲ್ಲಿದೆ, ಎಂಜಿನ್‌ನ ತಳ್ಳು 10 ಲಕ್ಷ ನ್ಯೂಟನ್. ಹಾಗಾದರೆ ಅದರ ವೇಗ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 10 ಮೀಟರ್‌ನಂತೆ ಏರಬೇಕು. ಒಳಗೆ 20 ಟನ್ ಕಳ್ಳ ಮಾಲು ಇದ್ದರೆ 8.3 ಮೀಟರ್ ಅಷ್ಟೇ ಏರುತ್ತದೆ. ಇದನ್ನು ತಿಳಿಯಲು ನೌಕೆಯ ಬಾಗಿಲು ತೆಗೆಸಬೇಕಾಗಿಲ್ಲ. ರೇಡಿಯೊ ಅಲೆಯ ಡಾಪ್ಲರ್ ಬದಲಾವಣೆ, ಅಂದರೆ ನೌಕೆಯ ವೇಗಕ್ಕೆ ತಕ್ಕ ಹಾಗೆ ಅಲೆಯ ಆವರ್ತನ ಬದಲಾಗುವುದನ್ನು ನೋಡಿದರೆ ಸಾಕು. ಎಂಜಿನ್ ಸ್ವಲ್ಪ ಜಾಸ್ತಿ ಉರಿಸಿ ಸರಿದೂಗಿಸಿದರೆ ಹಿಂದಿನ ಬೆಂಕಿಯ ಹೊಳಪು ಗುಟ್ಟು ಬಿಟ್ಟುಕೊಡುತ್ತದೆ.

ಡಾಪ್ಲರ್ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಪಯನೀರ್ 10 ಮತ್ತು 11ರ ಕತೆ ಹೇಳಲೇಬೇಕು. 1972 ಮತ್ತು 1973ರಲ್ಲಿ ಹಾರಿದ ನಾಸಾದ ಈ ನೌಕೆಗಳು ಲೆಕ್ಕಕ್ಕಿಂತ ಒಂಚೂರು ಜಾಸ್ತಿ ನಿಧಾನವಾಗುತ್ತಿದ್ದವು. ವೇಗದಲ್ಲಿ ವ್ಯತ್ಯಾಸ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ ಒಂದು ಮೀಟರ್‌ನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೂ ಸಿಕ್ಕಿಬಿತ್ತು. ಕಾರಣ ಹುಡುಕಲು ವರ್ಷಗಟ್ಟಲೆ ಹಿಡಿಯಿತು, 2012ರಲ್ಲಿ ಉತ್ತರ ಸಿಕ್ಕಿತು. ನೌಕೆಯ ಶಾಖ ಒಂದು ದಿಕ್ಕಿಗೆ ಜಾಸ್ತಿ ಹೊಮ್ಮುತ್ತಿತ್ತು, ಆ ಶಾಖವೇ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಾವಲಿನವರು ಇಲ್ಲದ ಕಡೆಗೆ ಮಾತ್ರ ಬಿಸಿ ಬಿಡುತ್ತೇನೆ ಅಂದುಕೊಂಡ ಕಳ್ಳ ನೌಕೆಗೂ ಇದೇ ಗತಿ.

2003ರಲ್ಲಿ ಶುರುವಾದ 'ಈವ್ ಆನ್‌ಲೈನ್' ಈ ತಲೆನೋವನ್ನೆಲ್ಲ ಪಕ್ಕಕ್ಕಿಟ್ಟಿದೆ. ಅದರ 'ಬ್ಲಾಕೇಡ್ ರನ್ನರ್' ನೌಕೆಗಳು ಕ್ಲೋಕ್ ಹಾಕಿಕೊಂಡರೆ ಮಾಯ. ಯಾವುದಾದರೂ ವಸ್ತು 2,000 ಮೀಟರ್ ಹತ್ತಿರ ಬಂದರೆ ಮುಸುಕು ಕಳಚುತ್ತದೆ. ಆಟಕ್ಕೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಆದರೂ ನನ್ನ ಮನಸ್ಸು ಬಿಸಿಯ ಕಡೆಗೇ.

ಹಾಗಾಗಿ ನಾನು ಕಟ್ಟುವ ನೌಕೆ ಅಡಗುವುದೇ ಇಲ್ಲ. ಅದು ಬಹಿರಂಗವಾಗಿ ಐಸ್ ಸಾಗಿಸುವ ಸಾಮಾನ್ಯ ಸರಕು ನೌಕೆ. ಕಾಗದದಲ್ಲಿ 20 ಟನ್ ಐಸ್, ಒಳಗೆ 12 ಟನ್ ಐಸ್ ಮತ್ತು 8 ಟನ್ ಮಾಲು. ಒಟ್ಟು ತೂಕ ಸರಿ, ವೇಗ ಏರುವ ಲೆಕ್ಕವೂ ಸರಿ. ಕೆಲವು ಗಂಟೆ ಕಣ್ಣು ತಪ್ಪಿಸಲೇಬೇಕಾಗಿ ಬಂದರೆ ರೇಡಿಯೇಟರ್ ಮಡಚಿ ಸರಕಿನ ಐಸ್‌ಗೇ ಬಿಸಿ ಕುಡಿಸಬಹುದು. ಕರಗಿ ನೀರಾದರೂ ತೂಕ ಒಂದು ಗ್ರಾಂ ಕಡಿಮೆಯಾಗುವುದಿಲ್ಲ.

ಇನ್ನು ಉಳಿದಿದ್ದು ಸ್ಕ್ಯಾನರ್. ಎಕ್ಸ್‌ರೇಗೆ ಸೀಸದ ಪೆಟ್ಟಿಗೆ ಅಡ್ಡ ಹಿಡಿಯಬಹುದು. ಮ್ಯುವಾನ್ ಅನ್ನುವ ಸೂಕ್ಷ್ಮ ಕಣಗಳು ಅದಕ್ಕೂ ಬಗ್ಗುವುದಿಲ್ಲ. ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಈಜಿಪ್ಟಿನ ಖಫ್ರೆ ಪಿರಮಿಡ್ಡಿನಲ್ಲಿ ಗುಪ್ತ ಕೋಣೆ ಇದೆಯೇ ಅಂತ ಹುಡುಕಿದ್ದು ಇವುಗಳಿಂದಲೇ. ಅಷ್ಟು ಕಲ್ಲನ್ನೇ ದಾಟಿ ಬರುವ ಕಣಗಳಿವು. ಸೀಸದಂಥ ಭಾರದ ಲೋಹ ಸಿಕ್ಕಿದರೆ ಅವುಗಳ ದಾರಿ ಜಾಸ್ತಿ ಬಾಗುತ್ತದೆ. ಆಗ ಪೆಟ್ಟಿಗೆಯೇ ಕಳ್ಳನನ್ನು ಹಿಡಿದುಕೊಡುತ್ತದೆ. ಆದರೆ ಈ ಮ್ಯುವಾನ್‌ಗಳು ಹುಟ್ಟುವುದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗ್ರಹದ ವಾತಾವರಣಕ್ಕೆ ಬಡಿದಾಗ. ಗಾಳಿಯಿಲ್ಲದ ಕಕ್ಷೆಯ ನಿಲ್ದಾಣದಲ್ಲಿ ಆ ಮಳೆ ಸುರಿಯುವುದಿಲ್ಲ. ಅದಕ್ಕೇ ನನ್ನ ನೌಕೆಗೆ ನೆಲದ ಮೇಲೆ ಇಳಿಯುವ ಕಾಲುಗಳನ್ನೇ ಇಟ್ಟಿಲ್ಲ.