ರಿವಾಲ್ವರ್‌ನ ಬ್ಯಾರೆಲ್ ಉದ್ದವಾದರೆ ಏನು ಲಾಭ?

ಅಮೆರಿಕದಲ್ಲಿ ರಿವಾಲ್ವರ್ ಹಿಡಿದು ಜಿಂಕೆ ಬೇಟೆಗೆ ಹೋಗುವವರು ಬಹಳ ಮಂದಿ ಇದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಇಂಥ ಬೇಟೆಯ ಮಾತೇ ಇಲ್ಲ. ಅಲ್ಲಿ ಹಲವು ರಾಜ್ಯಗಳಲ್ಲಿ ಅದಕ್ಕೆ ಲೈಸೆನ್ಸ್, ಸೀಸನ್, ನಿಯಮ ಎಲ್ಲ ಇವೆ. ಒಹಾಯೊದಲ್ಲಿ ಜಿಂಕೆ ಬೇಟೆಯ ಕೈಬಂದೂಕಿಗೆ ಕನಿಷ್ಠ 5 ಇಂಚಿನ ಬ್ಯಾರೆಲ್ ಇರಬೇಕು. ಯಾಕೆ ಈ ಉದ್ದದ ಲೆಕ್ಕ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಬ್ಯಾರೆಲ್ ಉದ್ದವಿದ್ದಷ್ಟೂ ಗುಂಡಿಗೆ ವೇಗ ಜಾಸ್ತಿ. ಮಾತು ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ದೊಡ್ಡ ಲಾಭ ಇರುವುದು ಬೇರೆ ಕಡೆ.

ಬೇಟೆಗೆ ಬಳಸುವ .44 ಮ್ಯಾಗ್ನಂ ಎಂಬ ಶಕ್ತಿಶಾಲಿ ಕಾಡತೂಸನ್ನೇ (ಗುಂಡು, ಮದ್ದು ಎರಡೂ ಇರುವ ಕೊಳವೆ) ತೆಗೆದುಕೊಳ್ಳೋಣ. ಐಡಹೊದ ಬೇಟೆಗಾರ, ಬರಹಗಾರ ಎಲ್ಮರ್ ಕೀತ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ರೆಮಿಂಗ್ಟನ್ ಕಂಪನಿ ಕಾಡತೂಸನ್ನೂ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರನ್ನೂ ತಯಾರಿಸಿದವು. 1956ರಲ್ಲಿ ಅದು ಜನರ ಕೈ ಸೇರಿತು. 1959ರಲ್ಲಿ ರೂಗರ್ ಕಂಪನಿ ಏಳೂವರೆ ಇಂಚಿನ ಬ್ಯಾರೆಲ್ ಇರುವ ಸೂಪರ್ ಬ್ಲ್ಯಾಕ್‌ಹಾಕ್ ತಂದಿತು. ಬೇಟೆಯ ರಿವಾಲ್ವರ್ ಅಂದರೆ ಬಹಳ ಜನರ ಕಣ್ಣಿಗೆ ಕಟ್ಟುವುದು ಇಂದಿಗೂ ಆ ಅಳತೆಯೇ.

ಈಗ ಒಳಗೆ ಏನಾಗುತ್ತದೆ ನೋಡೋಣ. ಕಾಡತೂಸಿನ ಮದ್ದು ಉರಿದು ಬಿಸಿ ಅನಿಲವಾಗುತ್ತದೆ. .44 ಮ್ಯಾಗ್ನಂನಲ್ಲಿ ಅದರ ಒತ್ತಡ ಚದರ ಇಂಚಿಗೆ 36,000 ಪೌಂಡ್‌ವರೆಗೂ ಏರಬಹುದು. ಕಾರಿನ ಟೈರ್‌ನಲ್ಲಿರುವ ಗಾಳಿಯ ಒತ್ತಡಕ್ಕಿಂತ ಇದು ಸುಮಾರು ಸಾವಿರ ಪಟ್ಟು. ಈ ಒತ್ತಡ ಗುಂಡನ್ನು ಮುಂದೆ ತಳ್ಳುತ್ತದೆ. ಗುಂಡು ಮುಂದೆ ಹೋದಂತೆ ಅದರ ಹಿಂದೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ.

ಇಲ್ಲಿ ಒಂದು ಚಂದದ ಲೆಕ್ಕವಿದೆ. ಈ ಕಾಡತೂಸಿನ ಖಾಲಿ ಕೊಳವೆಯಲ್ಲಿ ಸುಮಾರು ಎರಡೂವರೆ ಮಿಲಿಲೀಟರ್ ನೀರು ಹಿಡಿಯುತ್ತದೆ. ಬ್ಯಾರೆಲ್‌ನ ಒಳವ್ಯಾಸ 11 ಮಿಲಿಮೀಟರ್‌ನ ಆಸುಪಾಸು. ಹಾಗಾಗಿ ಬ್ಯಾರೆಲ್‌ನ ಪ್ರತಿ ಇಂಚಿನಲ್ಲೂ ಹೆಚ್ಚೂಕಮ್ಮಿ ಅಷ್ಟೇ ಜಾಗ. ಅಂದರೆ ಗುಂಡು ಮೊದಲ ಒಂದು ಇಂಚು ಸರಿಯುವಷ್ಟರಲ್ಲೇ ಅನಿಲಕ್ಕೆ ಸಿಕ್ಕ ಜಾಗ ಇಮ್ಮಡಿಯಾಗಿರುತ್ತದೆ. ಆರನೇ ಇಂಚು ದಾಟಿ ಏಳಕ್ಕೆ ಬರುವಾಗ ಜಾಗ ಏಳನೇ ಒಂದು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಅಷ್ಟು ಹೊತ್ತಿಗೆ ಒತ್ತಡವೂ ತೀರಾ ಇಳಿದಿರುತ್ತದೆ. ತಳ್ಳುವ ಕೆಲಸ ಮುಂದುವರಿಯುತ್ತದೆ, ಆದರೆ ಮೊದಲಿನ ರಭಸ ಇರುವುದಿಲ್ಲ. ಮ್ಯಾಗ್ನಂ ಕಾಡತೂಸುಗಳಲ್ಲಿ ನಿಧಾನವಾಗಿ ಉರಿಯುವ ಮದ್ದು ತುಂಬುವುದು ಇದಕ್ಕೇ. ಗುಂಡು ಮುಂದೆ ಸಾಗುತ್ತಿರುವಾಗಲೂ ಅನಿಲ ಹುಟ್ಟುತ್ತಿದ್ದರೆ ಒತ್ತಡ ಬೇಗ ಬೀಳುವುದಿಲ್ಲ. ಉದ್ದದ ಬ್ಯಾರೆಲ್‌ನ ಲಾಭ ಪೂರ್ತಿ ಸಿಗುವುದು ಇಂಥ ಮದ್ದಿಗೇ.

ರಿವಾಲ್ವರ್‌ಗೆ ಇನ್ನೊಂದು ವಿಶೇಷವಿದೆ. ಕಾಡತೂಸುಗಳನ್ನು ತುಂಬುವ ಸಿಲಿಂಡರ್ ತಿರುಗಬೇಕಲ್ಲ, ಹಾಗಾಗಿ ಅದಕ್ಕೂ ಬ್ಯಾರೆಲ್‌ಗೂ ನಡುವೆ ಸಣ್ಣ ಸಂದು ಬಿಡಬೇಕಾಗುತ್ತದೆ, ಸಾಮಾನ್ಯವಾಗಿ 0.15 ಮಿಲಿಮೀಟರ್‌ನಷ್ಟು. ಸ್ವಲ್ಪ ಅನಿಲ ಅಲ್ಲಿಂದಲೇ ಹೊರಗೆ ಚಿಮ್ಮುತ್ತದೆ. ಗುಂಡು ಬ್ಯಾರೆಲ್‌ನಲ್ಲಿ ಇರುವಷ್ಟು ಹೊತ್ತೂ ಈ ಸೋರಿಕೆ ನಡೆಯುತ್ತದೆ. ಬ್ಯಾರೆಲ್ ಉದ್ದವಿದೆ ಅಂತ ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿ ಸಿಲಿಂಡರ್ ಹತ್ತಿರ ಹಿಡಿಯುವವರಿಗೆ ಬೆರಳು ಸೀಳುವಷ್ಟು ಗಾಯವಾಗಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾದರೆ ಒಂದು ಇಂಚಿಗೆ ಎಷ್ಟು ವೇಗ ಸಿಗುತ್ತದೆ? ಮ್ಯಾಗ್ನಂ ರಿವಾಲ್ವರ್‌ಗಳಲ್ಲಿ ಸೆಕೆಂಡಿಗೆ 25ರಿಂದ 50 ಅಡಿ ಅನ್ನುವುದು ರೂಢಿಯ ಲೆಕ್ಕ. ಅದೂ ಖಚಿತವಲ್ಲ. ಸಂದು, ಸಿಲಿಂಡರ್ ಕೋಣೆಯ ಅಳತೆ, ಬ್ಯಾರೆಲ್‌ನ ಒಳಗಿನ ನಯ ಇವು ಒಂದೊಂದು ರಿವಾಲ್ವರ್‌ನಲ್ಲಿ ಒಂದೊಂದು ಥರ. ಒಂದೇ ಮಾದರಿಯ ಎರಡು ರಿವಾಲ್ವರ್‌ಗಳ ನಡುವೆಯೇ ಒಂದಿಂಚಿನ ಲಾಭದಷ್ಟು ವ್ಯತ್ಯಾಸ ಬರುವುದುಂಟು.

15.5 ಗ್ರಾಂ ತೂಕದ ಮಾಮೂಲಿ ಗುಂಡು 4 ಇಂಚಿನ ಬ್ಯಾರೆಲ್‌ನಿಂದ ಸೆಕೆಂಡಿಗೆ 365 ಮೀಟರ್, ಏಳೂವರೆ ಇಂಚಿನದರಿಂದ 410 ಮೀಟರ್ ವೇಗದಲ್ಲಿ ಹೊರಟಿತು ಅಂತ ಇಟ್ಟುಕೊಳ್ಳೋಣ. ಶಕ್ತಿ ಕಾಲು ಭಾಗದಷ್ಟು ಹೆಚ್ಚಾಯಿತು. ತಾಗಿದಾಗ ತುದಿ ಅರಳುವ ಗುಂಡಿಗೆ ಇದು ಮುಖ್ಯ, ಯಾಕೆಂದರೆ ವೇಗ ಒಂದು ಮಟ್ಟಕ್ಕಿಂತ ಇಳಿದರೆ ಅದು ಅರಳುವುದೇ ಇಲ್ಲ. ಆದರೆ 50 ಮೀಟರ್ ದೂರ ಹೋಗುವಷ್ಟರಲ್ಲಿ ಗುಂಡು ಕೆಳಗಿಳಿಯುವುದು ಒಂದರಲ್ಲಿ ಸುಮಾರು 10 ಸೆಂಟಿಮೀಟರ್, ಇನ್ನೊಂದರಲ್ಲಿ 8. ವ್ಯತ್ಯಾಸ ಬರೀ ಎರಡು ಸೆಂಟಿಮೀಟರ್.

ಈಗ ಗುರಿ ಹಿಡಿಯುವ ವಿಚಾರಕ್ಕೆ ಬರೋಣ. ಬ್ಯಾರೆಲ್ ತುದಿಯಲ್ಲಿ ಒಂದು ಪುಟ್ಟ ಮೊನೆ, ಹಿಂದೆ ಒಂದು ಕಚ್ಚು. ಎರಡನ್ನೂ ಒಂದೇ ಗೆರೆಗೆ ತರಬೇಕು. ಇವೆರಡರ ನಡುವಿನ ದೂರ 4 ಇಂಚಿನ ರಿವಾಲ್ವರ್‌ನಲ್ಲಿ ಸುಮಾರು 150 ಮಿಲಿಮೀಟರ್, ಏಳೂವರೆ ಇಂಚಿನದರಲ್ಲಿ ಸುಮಾರು 240. ಮೊನೆ ಕಚ್ಚಿನ ನಡುವಿನಿಂದ ಅರ್ಧ ಮಿಲಿಮೀಟರ್ ಸರಿದಿದ್ದರೆ 50 ಮೀಟರ್ ಆಚೆ ಮೊದಲನೆಯದು 16-17 ಸೆಂಟಿಮೀಟರ್ ತಪ್ಪುತ್ತದೆ, ಎರಡನೆಯದು 10. ಅಲ್ಲಿನ ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. ನಡುವಿನಿಂದ 10 ಸೆಂಟಿಮೀಟರ್ ತಪ್ಪಿದ ಗುಂಡು ಅದರ ಅಂಚಿಗೆ ತಾಗುತ್ತದೆ. 17 ತಪ್ಪಿದರೆ ಗಾಯಗೊಂಡ ಪ್ರಾಣಿ ಕಾಡೊಳಗೆ ಓಡಿ ನರಳಿ ಸಾಯುತ್ತದೆ. ಬೇಟೆಯನ್ನು ಒಪ್ಪುವವರಾಗಲಿ ಒಪ್ಪದವರಾಗಲಿ, ಅಂಥ ಸಾವು ಯಾರಿಗೂ ಬೇಡ, ಅಲ್ವಾ? ನನ್ನ ಮಟ್ಟಿಗೆ ಈ ಲೆಕ್ಕದ ಮುಂದೆ ವೇಗದ ಲೆಕ್ಕ ಸಣ್ಣದು. ನಲವತ್ತು ದಾಟಿದವರಿಗೆ ಇನ್ನೂ ಒಂದು ಅನುಕೂಲ: ಮೊನೆ ಕಣ್ಣಿನಿಂದ ದೂರ ಇದ್ದಷ್ಟೂ ಸ್ಪಷ್ಟವಾಗಿ ಕಾಣುತ್ತದೆ.

ಉದ್ದದ ಬ್ಯಾರೆಲ್‌ನ ತೂಕವೂ ಉಪಯೋಗಕ್ಕೆ ಬರುತ್ತದೆ. ಮುಂಭಾಗ ಭಾರವಿದ್ದರೆ ಹೊಡೆದಾಗ ತುದಿ ಅಷ್ಟಾಗಿ ಮೇಲೆ ಜಿಗಿಯುವುದಿಲ್ಲ. ಬ್ಯಾರೆಲ್ ಚಿಕ್ಕದಾದರೆ ಅನಿಲ ಇನ್ನೂ ಹೆಚ್ಚು ಒತ್ತಡದಲ್ಲಿರುವಾಗಲೇ ಹೊರಬೀಳುತ್ತದೆ, ಹಾಗಾಗಿ ಸದ್ದೂ ಬೆಂಕಿಯೂ ಜೋರು. ಕಿವಿಗೆ ರಕ್ಷಣೆ ಇಲ್ಲದೆ ಎರಡನ್ನೂ ಹಾರಿಸಬಾರದು. ಆ ಸದ್ದಿಗೆ ಬೆದರಿ ಟ್ರಿಗರ್ ಎಳೆಯುವ ಮೊದಲೇ ಕೈ ಅದುರುವ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ.

ಇಷ್ಟಾದರೂ ಎಲ್ಮರ್ ಕೀತ್ ಸೊಂಟದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದದ್ದು 4 ಇಂಚಿನ .44 ಅನ್ನೇ. ದಿನವಿಡೀ ಕುದುರೆ ಮೇಲೆ, ಪೊದೆಗಳ ನಡುವೆ ತಿರುಗುವವನಿಗೆ ಉದ್ದದ ಬ್ಯಾರೆಲ್ ಅಡ್ಡಿಯೇ. ಜೀವನವಿಡೀ ಅಭ್ಯಾಸ ಮಾಡಿದ ಕೈ ಅದು. ಸೀಸನ್‌ನಲ್ಲಿ ನಾಲ್ಕು ದಿನ ಕಾಡಿಗೆ ಹೋಗುವವರು ಅವನನ್ನು ನೋಡಿ ಚಿಕ್ಕ ಬ್ಯಾರೆಲ್ ಆರಿಸುವುದು ಸರಿಯಲ್ಲ.

ದುರ್ಬೀನು ಜೋಡಿಸಿದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. 1987ರ ರೂಗರ್ ಸೂಪರ್ ರೆಡ್‌ಹಾಕ್‌ನಲ್ಲಿ ಅದನ್ನು ಕೂರಿಸಲೆಂದೇ ಚೌಕಟ್ಟಿನ ಮೇಲೆ ಗುಳಿಗಳಿವೆ. ದುರ್ಬೀನಿನಲ್ಲಿ ನೋಡುವಾಗ ಮೊನೆ-ಕಚ್ಚುಗಳ ಪ್ರಶ್ನೆಯೇ ಏಳುವುದಿಲ್ಲ, ಗೆರೆಯನ್ನು ಗುರಿಯ ಮೇಲಿಟ್ಟರೆ ಸಾಕು. ಆಗ ಬ್ಯಾರೆಲ್‌ನ ಉದ್ದದಿಂದ ಸಿಗುವುದು ಆ ಕಾಲು ಭಾಗ ಶಕ್ತಿ, ಸ್ವಲ್ಪ ಸ್ಥಿರತೆ, ಸ್ವಲ್ಪ ಕಡಿಮೆ ಸದ್ದು ಅಷ್ಟೇ. ದುರ್ಬೀನು ಇರುವವರಿಗೆ ಆರು ಇಂಚು ಧಾರಾಳ.