ಕಾರ್ಡೋಬಾವನ್ನು ಅರಬರು 800 ವರ್ಷ ಆಳಿದರೇ?

ಇಲ್ಲ. ಈ ಪ್ರಶ್ನೆ ಬಂದಾಗಲೆಲ್ಲ 800ರ ಅಂಕಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿಡುತ್ತೇನೆ, ಮುಂದಿನವರಿಗೆ ನೀವೇ ಹೇಳಿಬಿಡಿ.

ಮುಸ್ಲಿಂ ಸೇನೆ ದಕ್ಷಿಣ ಸ್ಪೇನಿನ ಊರಾದ ಕಾರ್ಡೋಬಾವನ್ನು ಹಿಡಿದದ್ದು 711ರಲ್ಲಿ. ಕ್ರೈಸ್ತ ರಾಜ್ಯವಾದ ಕ್ಯಾಸ್ಟೀಲಿನ ದೊರೆ ಮೂರನೇ ಫರ್ಡಿನೆಂಡ್ ಅದನ್ನು ಗೆದ್ದದ್ದು 1236ರಲ್ಲಿ. ಕಳೆಯಿರಿ: 525. ಹಾಗಾದರೆ 800 ಎಲ್ಲಿಯದು? 1492ರಲ್ಲಿ 711 ಕಳೆದರೆ 781. ಅದನ್ನು ಯಾರೋ ಧಾರಾಳ ಮನಸ್ಸಿನಿಂದ ದುಂಡಗೆ ಮಾಡಿದ್ದಾರೆ. ಆದರೆ 1492 ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಶರಣಾದ ವರ್ಷ, ಕಾರ್ಡೋಬಾದ್ದಲ್ಲ. ಅಷ್ಟು ಹೊತ್ತಿಗೆ ಟೊಲೆಡೊ ನಗರ ಕ್ರೈಸ್ತರ ಕೈಸೇರಿ ನಾಲ್ಕು ಶತಮಾನವೇ ಕಳೆದಿತ್ತು (1085). ಸೆವಿಲ್ ಕೂಡ 1248ರಲ್ಲೇ ಹೋಗಿತ್ತು. ಉತ್ತರದ ಅಸ್ತೂರಿಯಾಸ್ ಬೆಟ್ಟಗಳಲ್ಲಂತೂ ಆ ಆಳ್ವಿಕೆ ಬೇರು ಬಿಡಲೇ ಇಲ್ಲ.

ಇನ್ನು ‘ಅರಬರು’ ಎಂಬ ಮಾತು. ಸಿರಿಯಾದಲ್ಲಿ ತನ್ನ ಮನೆತನದವರ ಕೊಲೆಯಾದಾಗ ತಪ್ಪಿಸಿಕೊಂಡು ಬಂದು 756ರಲ್ಲಿ ಇಲ್ಲಿ ರಾಜ್ಯ ಕಟ್ಟಿದ ಅಬ್ದುಲ್ ರಹಮಾನ್ ಉಮಯ್ಯದ್ ವಂಶದ ಅರಬ, ಒಪ್ಪಿದೆ. ಆದರೆ ಅವನ ತಾಯಿ ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಬರ್ಬರರ ಹೆಂಗಸು. ಅದೇ ವಂಶದ ಮೂರನೇ ಅಬ್ದುಲ್ ರಹಮಾನ್ 929ರಲ್ಲಿ ತಾನೇ ಖಲೀಫನೆಂದು ಸಾರಿಕೊಂಡ. ಜನ ಹಾಡಿ ಹೊಗಳುವ ಆ ಖಲೀಫಗಿರಿ ಬಾಳಿದ್ದು 1031ರವರೆಗೆ, 102 ವರ್ಷ ಮಾತ್ರ. ಆಮೇಲೆ ಊರನ್ನು ನಡೆಸಿದ್ದು ಜಹ್ವರ್ ಮನೆತನ. 1070ರಲ್ಲಿ ಸೆವಿಲ್‌ನ ದೊರೆ ಅದನ್ನು ನುಂಗಿದ. ಬಳಿಕ ಮೊರಾಕೊ ಕಡೆಯಿಂದ ಬಂದ ಅಲ್ಮೊರಾವಿದರು, ಅವರನ್ನು ಕಿತ್ತೆಸೆದ ಅಲ್ಮೊಹಾದರು. ಈ ಇಬ್ಬರೂ ಬರ್ಬರರು, ಒಬ್ಬರಿಗೊಬ್ಬರು ಹಾವು ಮುಂಗುಸಿ. ಇಷ್ಟು ಮಂದಿಯನ್ನು ಒಂದೇ ಗೋಣಿಯಲ್ಲಿ ತುಂಬಿ ಬಾಯಿ ಹೊಲಿದರೆ ಇತಿಹಾಸವಾಗುವುದಿಲ್ಲ.

ಅದಕ್ಕೂ ಮುಂಚೆ? ರೋಮನ್ನರ ಬೇಟಿಕಾ ಪ್ರಾಂತ್ಯದ ರಾಜಧಾನಿ, ತತ್ತ್ವಜ್ಞಾನಿ ಸೆನೆಕ ಹುಟ್ಟಿದ ಊರು. ಆಮೇಲೆ ಜರ್ಮನ್ ಮೂಲದ ವಿಸಿಗಾಥರು ಆಳಿದರು.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಅಲ್ಲಿನ ದೊಡ್ಡ ಮಸೀದಿಯ ಕಮಾನುಗಳೇಕೆ ಒಂದರ ಮೇಲೊಂದು? ಕಟ್ಟುವವರು ಹಳೆಯ ರೋಮನ್, ವಿಸಿಗಾಥ್ ಕಟ್ಟಡಗಳ ಕಂಬಗಳನ್ನೇ ಕಿತ್ತು ತಂದಿದ್ದರು. ಆ ಕಂಬಗಳು ಗಿಡ್ಡ, ಚಾವಣಿಯನ್ನು ಎತ್ತರಿಸಲು ಸಾಲವು. ಆದ್ದರಿಂದ ಅವುಗಳ ತಲೆಯ ಮೇಲೆ ಕಲ್ಲಿನ ಮೋಟುಗಂಬ ಕೂರಿಸಿ ಇನ್ನೊಂದು ಸಾಲು ಕಮಾನು ಎಬ್ಬಿಸಿದರು. ಕೆಳಗಿನ ಕಮಾನು ಕಂಬಗಳು ವಾಲದಂತೆ ಹಿಡಿಯುತ್ತದೆ, ಮೇಲಿನದು ಭಾರ ಹೊರುತ್ತದೆ. ಕೆಂಪು ಪಟ್ಟೆ ಇಟ್ಟಿಗೆಯದು, ಬಿಳಿಯದು ಕಲ್ಲಿನದು. 10ನೇ ಶತಮಾನದ ಕೊನೆಯಲ್ಲಿ, ಖಲೀಫನ ಹೆಸರಿನಲ್ಲಿ ಅಧಿಕಾರ ನಡೆಸುತ್ತಿದ್ದ ಮಂತ್ರಿ ಅಲ್ ಮನ್ಸೂರ್ ಸೇರಿಸಿದ ಭಾಗಕ್ಕೆ ಬಂದರೆ ಇಟ್ಟಿಗೆ ಮಾಯ, ಕಲ್ಲಿಗೇ ಕೆಂಪು ಬಳಿದಿದ್ದಾರೆ!

ಇದೇ ಅಲ್ ಮನ್ಸೂರ್ 997ರಲ್ಲಿ ವಾಯವ್ಯ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊ ಊರನ್ನು ಸೂರೆ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ತಂದು ಮಸೀದಿಯಲ್ಲಿ ದೀಪವಾಗಿ ತೂಗುಹಾಕಿಸಿದನಂತೆ. 1236ರಲ್ಲಿ ಫರ್ಡಿನೆಂಡ್ ಅವನ್ನು ಇಳಿಸಿ, ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಹಿಂದಕ್ಕೆ ಕಳಿಸಿದನಂತೆ.